ಕೊಂಬುಚಾ ಡಬ್ಬಿಗೆ ನಲ್ಲಿ ಹಾಕಿಸಿದೆ: ಸೋರುತ್ತಿದೆ, ರುಚಿಯೂ ಕೆಟ್ಟಿದೆ

ಆಲೂರು ಶುಂಠಿ ತೋಟ
ಎಲ್ಲರಿಗೂ ನಮಸ್ಕಾರ. ನಮ್ಮದು ಹಾಸನ ಜಿಲ್ಲೆ, ಆಲೂರಿನ ಹತ್ತಿರ. ಎರಡು ವರ್ಷದಿಂದ ಮನೆಯಲ್ಲೇ ಕೊಂಬುಚಾ, ಅಂದರೆ ಹುಳಿ ಬರಿಸಿದ ಟೀ ಪಾನೀಯ, ಮಾಡುತ್ತಿದ್ದೇವೆ. ಟೀ ಡಿಕಾಕ್ಷನ್, ಸಕ್ಕರೆ, ಹಳೆಯ ಕೊಂಬುಚಾ ಸ್ವಲ್ಪ, ಮೇಲೆ ತೇಲುವ ಆ ದಪ್ಪ ಪದರ. ಹುಳಿ ಬಂದ ಮೇಲೆ ನಮ್ಮದೇ ಶುಂಠಿ ಜಜ್ಜಿ ಹಾಕಿ ಬಾಟಲಿಗೆ ತುಂಬುತ್ತೇವೆ. ಮೊದಲು 5 ಲೀಟರಿನ ಗಾಜಿನ ಭರಣಿ ಸಾಕಾಗುತ್ತಿತ್ತು. ಈಗ ನೆಂಟರು, ಅಕ್ಕಪಕ್ಕದವರು ಎಲ್ಲರೂ ಕೇಳುತ್ತಾರೆ. ಅದಕ್ಕೆ ಅಕ್ಕಿ ತುಂಬಿಡುವ 40 ಲೀಟರಿನ ಸ್ಟೀಲ್ ಡಬ್ಬಿಗೆ ತೂತು ಹೊಡೆಸಿ ಅರ್ಧ ಇಂಚಿನ ನಲ್ಲಿ ಹಾಕಿಸಿದೆ. ಹಿತ್ತಾಳೆ ನಲ್ಲಿ, ಮೇಲೆ ಹೊಳೆಯುವ ಕ್ರೋಮ್ ಲೇಪನ.

ಈಗ ಎರಡು ತೊಂದರೆ. ಒಂದು, ಸೋರುವುದು ನಿಲ್ಲುತ್ತಿಲ್ಲ. ನಟ್ ಬಿಗಿ ಮಾಡಿದಷ್ಟೂ ಡಬ್ಬಿಯ ತಗಡು ಒಳಗೆ ತಗ್ಗಾಯಿತೇ ಹೊರತು ತೊಟ್ಟಿಕ್ಕುವುದು ಹಾಗೇ ಇದೆ. ಎರಡು, ನಲ್ಲಿಯಿಂದ ಮೊದಲು ಬರುವ ಲೋಟಕ್ಕೆ ಬಾಯಲ್ಲಿ ನಾಣ್ಯ ಇಟ್ಟುಕೊಂಡಂಥ ರುಚಿ. ನಿನ್ನೆ ನಲ್ಲಿಯ ಬಾಯೊಳಗೆ ಬೆರಳಾಡಿಸಿದರೆ ತುದಿ ಹಸಿರಾಯಿತು.

ಯಾವ ನಲ್ಲಿ ಹಾಕಬೇಕು? ಎಷ್ಟು ಎತ್ತರದಲ್ಲಿ? ತಳದ ಮಡ್ಡಿ ತೆಗೆಯಲು ಬೇರೆ ತೂತು ಬೇಕಾ? ಮಾಡಿ ನೋಡಿದವರು ಹೇಳಿ.

ಕೆಮಿಸ್ಟ್ರಿ ಮೇಡಂ, ಚಿಕ್ಕಮಗಳೂರು
ಸೋರುವುದು ಆಮೇಲೆ ನೋಡೋಣ. ಮೊದಲು ಡಬ್ಬಿಯಲ್ಲಿರುವುದನ್ನು ಚೆಲ್ಲಿ. ಇವತ್ತೇ.

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ನಲ್ಲಿ ಮಾಡುವ ಹಿತ್ತಾಳೆಯಲ್ಲಿ ಕಡೆಯಲು ಸುಲಭವಾಗಲಿ ಎಂದು ಸಾಮಾನ್ಯವಾಗಿ ಶೇಕಡಾ 2-3ರಷ್ಟು ಸೀಸವನ್ನೂ ಸೇರಿಸಿರುತ್ತಾರೆ. ಕ್ರೋಮ್ ಲೇಪನ ಹೊರಗೆ ಮಾತ್ರ. ಒಳಗೆ ನೀರು ಹರಿಯುವ ದಾರಿಯೆಲ್ಲ ಬರೀ ಹಿತ್ತಾಳೆ. ಕೊಂಬುಚಾದ ಪಿಎಚ್ 3ರ ಆಸುಪಾಸು. ವಾರಗಟ್ಟಲೆ ಅಂಥ ಹುಳಿ ಅದಕ್ಕೆ ತಾಗಿ ನಿಂತರೆ ಲೋಹ ಕರಗುತ್ತದೆ. ನಿಮ್ಮ ಬೆರಳಿಗೆ ಹತ್ತಿದ ಹಸಿರು ತಾಮ್ರದ ಲವಣ. ಸೀಸಕ್ಕೆ ಬಣ್ಣವೂ ಇಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. ನನಗೆ ಭಯ ಅದರದ್ದೇ.

ಮೂಡಿಗೆರೆ ಮಲೆನಾಡಿಗ
ಮೇಡಂ, ಸ್ವಲ್ಪ ಜಾಸ್ತಿ ಹೆದರಿಸುತ್ತಿದ್ದೀರಿ ಅನ್ನಿಸುತ್ತದೆ. ನಮ್ಮ ಬಚ್ಚಲಲ್ಲಿ ಅಜ್ಜನ ಕಾಲದ ತಾಮ್ರದ ಹಂಡೆ ಇದೆ. ಅದಕ್ಕೆ ಹಿತ್ತಾಳೆ ನಲ್ಲಿ. ಮನೆಮಂದಿಯೆಲ್ಲ ಅದೇ ನೀರು ಬಳಸಿ ಬೆಳೆದವರು. ಯಾರಿಗೆ ಏನಾಗಿದೆ ಮಾರಾಯ್ರೆ?

ಕೆಮಿಸ್ಟ್ರಿ ಮೇಡಂ, ಚಿಕ್ಕಮಗಳೂರು
ಹಂಡೆಯಲ್ಲಿ ಇರುವುದು ನೀರು, ಅದೂ ಸ್ನಾನಕ್ಕೆ. ಇಲ್ಲಿರುವುದು ಕುಡಿಯುವ ಹುಳಿ. ಆ ಹಂಡೆಯನ್ನು ಹಬ್ಬಕ್ಕೆ ಏನು ಹಾಕಿ ತಿಕ್ಕುತ್ತೀರಿ? ಹುಣಸೆಹಣ್ಣು ಅಲ್ವಾ? ತಿಕ್ಕಿದ ಕೂಡಲೇ ಥಳಥಳ ಹೊಳೆಯುವುದು ಯಾಕೆ? ಮೇಲಿನ ಕಪ್ಪು ಪದರ ಹುಳಿಗೆ ಕರಗಿ ಇಳಿಯುತ್ತದೆ. ತಿಕ್ಕಿದ ಆ ನೀರನ್ನು ಯಾರೂ ಕುಡಿಯುವುದಿಲ್ಲ, ಬಚ್ಚಲಿಗೆ ಚೆಲ್ಲುತ್ತೇವೆ. ಇವರ ಮನೆಯಲ್ಲಿ ಕೊಂಬುಚಾ ಹಗಲು ರಾತ್ರಿ ನಲ್ಲಿಯನ್ನು ಒಳಗಿಂದ ತೊಳೆಯುತ್ತಿದೆ. ತೊಳೆದ ನೀರು ಲೋಟಕ್ಕೆ ಬರುತ್ತಿದೆ.

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸದೆ ಸಾರು ಮಾಡಬೇಡ ಎಂದು ಹಿರಿಯರು ಹೇಳಿದ್ದು ಇದಕ್ಕೇ.

ಮೂಡಿಗೆರೆ ಮಲೆನಾಡಿಗ
ಹುಣಸೆಹಣ್ಣಿನ ಮಾತು ಸರಿ. ಒಪ್ಪಿದೆ.

ಆಲೂರು ಶುಂಠಿ ತೋಟ
ಚೆಲ್ಲಿದೆ ಮೇಡಂ. ಒಂದು ತಿಂಗಳಿಂದ ಕುಡಿಯುತ್ತಿದ್ದೆವು, ಮಕ್ಕಳೂ ಕುಡಿದಿದ್ದಾರೆ. ಮನಸ್ಸಿಗೆ ತುಂಬಾ ಕಸಿವಿಸಿಯಾಗುತ್ತಿದೆ.

ಕೆಮಿಸ್ಟ್ರಿ ಮೇಡಂ, ಚಿಕ್ಕಮಗಳೂರು
ಗಾಬರಿಯಾಗಬೇಡಿ, ಆದರೆ ಸುಮ್ಮನೆ ಬಿಡಲೂಬೇಡಿ. ಮಕ್ಕಳ ವಿಷಯದಲ್ಲಿ ಇಷ್ಟು ಸೀಸ ಪರವಾಗಿಲ್ಲ ಎನ್ನುವ ಮಿತಿಯೇ ಇಲ್ಲ. ಡಾಕ್ಟರ ಹತ್ತಿರ ನಡೆದದ್ದನ್ನು ಹಾಗೇ ಹೇಳಿ. ರಕ್ತದಲ್ಲಿ ಸೀಸ ಎಷ್ಟಿದೆ ಎಂದು ನೋಡುವ ಪರೀಕ್ಷೆ ಇದೆ, ಮಾಡಿಸಿ.

ಬ್ರೂ ಕಲಿಯುವವ
ಹಿತ್ತಾಳೆಯನ್ನು ಎರಡು ಪಾಲು ವಿನೆಗರ್, ಒಂದು ಪಾಲು ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಕೆಲವು ನಿಮಿಷ ಮುಳುಗಿಸಿಟ್ಟರೆ ಮೇಲಿನ ಸೀಸ ಹೋಗುತ್ತದೆ ಎಂದು ಹೊರದೇಶದವರು ಮಾಡುತ್ತಾರಲ್ಲ?

ಕೆಮಿಸ್ಟ್ರಿ ಮೇಡಂ, ಚಿಕ್ಕಮಗಳೂರು
ಮೇಲಿನ ಪದರದ್ದು ಮಾತ್ರ ಹೋಗುತ್ತದೆ. ಅವರು ಅದನ್ನು ಮಾಡುವುದು ಒಂದೆರಡು ಗಂಟೆ ಕುದಿಸುವ ಪಾತ್ರೆಯ ನಲ್ಲಿಗೆ. ವಾರಗಟ್ಟಲೆ ಹುಳಿ ನಿಲ್ಲುವ ಪಾತ್ರೆಗೆ ಅದು ಸಾಲದು. ಮೇಲಿನದು ಸವೆದರೆ ಒಳಗಿನ ಹಿತ್ತಾಳೆ ಮತ್ತೆ ಹೊರಬರುತ್ತದೆ.

ಹಾಸನ ಪ್ಲಂಬರ್
ಇನ್ನು ಸೋರುವ ವಿಷಯಕ್ಕೆ ಬರೋಣ. ಅಣ್ಣಾ, ನಟ್ ಬಿಗಿ ಮಾಡುವುದನ್ನು ನಿಲ್ಲಿಸಿ. ಓವರ್‌ಹೆಡ್ ಟ್ಯಾಂಕ್ 10 ಮೀಟರ್ ಮೇಲಿದ್ದರೆ ಕೆಳಗಿನ ನಲ್ಲಿಯಲ್ಲಿ ಸುಮಾರು 1 ಬಾರ್ ಒತ್ತಡ ಇರುತ್ತದೆ. ನಿಮ್ಮ ಡಬ್ಬಿಯಲ್ಲಿ 40 ಸೆಂಟಿಮೀಟರ್ ತುಂಬಿದ್ದರೆ 0.04 ಬಾರ್. ಇದು ಏನೇನೂ ಅಲ್ಲ. ಇಷ್ಟಕ್ಕೇ ಸೋರುತ್ತಿದೆ ಎಂದರೆ ಬಿಗಿ ಕಡಿಮೆಯಾಗಿ ಅಲ್ಲ, ವಾಷರ್ ಸರಿಯಾಗಿ ಕೂತಿಲ್ಲ.

ಒಂದು ಮಾತು ಕೇಳುತ್ತೇನೆ. ನಲ್ಲಿಯನ್ನು ಹೊರಗಿಂದ ತೂರಿಸಿ ಒಳಗೆ ನಟ್ ಹಾಕಿದ್ದೀರಾ? ವಾಷರ್ ಹೊರಗಡೆ ಇದೆಯಾ?

ಆಲೂರು ಶುಂಠಿ ತೋಟ
ಹೌದು, ಹಾಗೇ. ವಾಷರ್ ಹೊರಗಡೆ ಒಂದೇ. ಕಪ್ಪು ರಬ್ಬರ್.

ಹಾಸನ ಪ್ಲಂಬರ್
ಅಲ್ಲೇ ತಪ್ಪಾಗಿದೆ. ನೀರು ಹೋಗುವ ದಾರಿ ನೋಡಿ. ಒಳಗಿನ ನಟ್‌ಗೂ ಥ್ರೆಡ್‌ಗೂ ನಡುವೆ ಸಂದು ಇದೆ. ನೀರು ಸುರುಳಿ ಸುತ್ತಿಕೊಂಡು ಥ್ರೆಡ್ ಮೇಲೇ ನಡೆದು ತೂತು ದಾಟಿ ಹೊರಗಿನ ವಾಷರ್ ಹತ್ತಿರ ಬರುತ್ತದೆ. ಡಬ್ಬಿ ದುಂಡಗಿದೆ, ನಲ್ಲಿಯ ಮುಖ ಚಪ್ಪಟೆ. ಗಟ್ಟಿ ರಬ್ಬರ್ ಆ ಬಾಗಿಗೆ ಹೊಂದುವುದಿಲ್ಲ. ಎರಡು ಬದಿಯಲ್ಲಿ ಸಂದು ಉಳಿಯುತ್ತದೆ.

ಟ್ಯಾಂಕ್ ನಿಪ್ಪಲ್ ಹಾಕಿ. ಅದಕ್ಕೆ ಅಗಲವಾದ ತಲೆ ಇರುತ್ತದೆ. ತಲೆ ಡಬ್ಬಿಯ ಒಳಗೆ ಬರಬೇಕು, ಚೆಕ್ ನಟ್ ಹೊರಗೆ. ತಲೆ, ಮೈ ಎಲ್ಲಾ ಒಂದೇ ತುಂಡು. ಹಾಗಾಗಿ ಒಳಗೆ ಥ್ರೆಡ್ ದಾರಿಯೇ ಇಲ್ಲ. ತಲೆಯ ಅಡಿಗೆ ಸಿಲಿಕೋನ್ ವಾಷರ್, 3 ಮಿಲಿಮೀಟರ್ ದಪ್ಪ, ಮೆತ್ತಗಿನದು. ಹೊರಗೆ ಇನ್ನೊಂದು ಸಿಲಿಕೋನ್, ಅದರ ಮೇಲೆ ಅಗಲವಾದ ಸ್ಟೀಲ್ ವಾಷರ್, ಆಮೇಲೆ ಚೆಕ್ ನಟ್. ಕೈಯಲ್ಲಿ ಬಿಗಿ ಮಾಡಿ, ಪಾನಾದಲ್ಲಿ ಕಾಲು ಸುತ್ತು. ಅಷ್ಟೇ. ಟೆಫ್ಲಾನ್ ಟೇಪ್ ಬೇಕಿರುವುದು ನಿಪ್ಪಲ್‌ಗೆ ನಲ್ಲಿ ಸೇರುವಲ್ಲಿ. ಥ್ರೆಡ್‌ನ ತುದಿ ನಿಮ್ಮ ಕಡೆ ಇರಲಿ, ಗಡಿಯಾರ ತಿರುಗುವ ದಿಕ್ಕಿನಲ್ಲಿ ಸುತ್ತಿ. ಉಲ್ಟಾ ಸುತ್ತಿದರೆ ತಿರುಗಿಸುವಾಗ ಟೇಪ್ ಬಿಚ್ಚಿಕೊಳ್ಳುತ್ತದೆ.

ಎಲ್ಲವೂ 304 ಗ್ರೇಡಿನ ಸ್ಟೀಲ್ ಆಗಿರಲಿ.

ತೋಟದ ಹುಡುಗ, ಆಲ್ದೂರು
304 ಅಂತ ತಿಳಿಯುವುದು ಸುಲಭ. ಅಯಸ್ಕಾಂತ ಹಿಡಿದು ನೋಡಿ, ಅಂಟದಿದ್ದರೆ 304.

ಆರ್ಗಾನ್ ವೆಲ್ಡರ್, ಹಾಸನ
ಇಲ್ಲ ತಮ್ಮಾ, ಇದೇ ಮಾತು ನಂಬಿ ತುಂಬಾ ಜನ ಮೋಸ ಹೋಗುತ್ತಾರೆ. 202 ಕೂಡ ಅಯಸ್ಕಾಂತಕ್ಕೆ ಅಂಟುವುದಿಲ್ಲ. ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಜಾಸ್ತಿ ಹಾಕಿರುತ್ತಾರೆ. ನೋಡಲು 304ರ ಹಾಗೇ ಇರುತ್ತದೆ, ಆದರೆ ಹುಳಿ, ಉಪ್ಪು ತಾಗಿದರೆ ಬೇಗ ತುಕ್ಕಿನ ಚುಕ್ಕಿ ಬರುತ್ತದೆ. ಅಯಸ್ಕಾಂತ ಹಿಡಿಯುವುದು 430ರಂಥ ಸ್ಟೀಲನ್ನು. ಇನ್ನೊಂದು ಕಡೆ, ನಿಜವಾದ 304 ಕೂಡ ಬಗ್ಗಿಸಿದ ಅಂಚಿನಲ್ಲಿ ಸ್ವಲ್ಪ ಅಂಟುತ್ತದೆ. ಅಂಗಡಿಯಲ್ಲಿ ಗ್ರೇಡ್ ಬರೆದ ಬಿಲ್ ಕೇಳಿ. 304ರಲ್ಲಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಇರುತ್ತದೆ. ನಾವು ಹಾಲಿನ ಕೆಲಸಕ್ಕೆ ಅದಕ್ಕಿಂತ ಕೆಳಗಿನದು ಮುಟ್ಟುವುದಿಲ್ಲ.

ಅಕ್ಕಿ ಡಬ್ಬಿ ಅಂದಿರಿ. ಅದರ ತಗಡು ತುಂಬಾ ತೆಳು, ಗ್ರೇಡ್ ಯಾವುದೆಂದು ಮಾಡಿದವರಿಗೇ ಗೊತ್ತು. ನಾನಾಗಿದ್ದರೆ ಅದನ್ನು ಮತ್ತೆ ಅಕ್ಕಿಗೇ ಇಟ್ಟುಕೊಂಡು 1.5 ಮಿಲಿಮೀಟರ್ ದಪ್ಪದ 304 ಪಾತ್ರೆ ತರುತ್ತೇನೆ.

ತೂತು ಹೊಡೆಯುವುದಕ್ಕೂ ಒಂದು ಕ್ರಮ ಇದೆ. ಈ ಸ್ಟೀಲ್ ಉಜ್ಜಿದಷ್ಟೂ ಗಟ್ಟಿಯಾಗುತ್ತದೆ. ಡ್ರಿಲ್ ಅನ್ನು ಜೋರಾಗಿ ತಿರುಗಿಸಿ ಮೆಲ್ಲಗೆ ಒತ್ತಿದರೆ ಬಿಟ್ ಸುಮ್ನೆ ಉಜ್ಜುತ್ತದೆ, ಕೊರೆಯುವುದಿಲ್ಲ. ಆಮೇಲೆ ಆ ಜಾಗಕ್ಕೆ ಯಾವ ಬಿಟ್ಟೂ ಇಳಿಯದು. ನಿಧಾನವಾಗಿ ತಿರುಗಿಸಿ, ಗಟ್ಟಿಯಾಗಿ ಒತ್ತಿ, ಎಣ್ಣೆ ಬಿಡುತ್ತಾ ಇರಿ. ಅಡುಗೆ ಪಾತ್ರೆ ಆದ್ದರಿಂದ ನಾನು ಕೊಬ್ಬರಿ ಎಣ್ಣೆಯನ್ನೇ ಬಿಡುತ್ತೇನೆ. ಒಳಗಿಂದ ಒಂದು ಮರದ ತುಂಡು ಒತ್ತಿ ಹಿಡಿಯಲು ಒಬ್ಬರು ಬೇಕು. ಮೊದಲು 4 ಮಿಲಿಮೀಟರ್ ತೂತು, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇರುವ ಸ್ಟೆಪ್ ಡ್ರಿಲ್. ಅರ್ಧ ಇಂಚಿನ ಥ್ರೆಡ್‌ನ ಹೊರ ಅಳತೆ ಹತ್ತಿರ ಹತ್ತಿರ 21 ಮಿಲಿಮೀಟರ್. ಅರ್ಧ ಇಂಚು ಎಂದರೆ 12.7 ಅಂದುಕೊಂಡು ತೂತು ಹೊಡೆದವರನ್ನು ನೋಡಿದ್ದೇನೆ. 22ರ ಮೆಟ್ಟಿಲಿಗೆ ನಿಲ್ಲಿಸಿ. ಬಿಟ್ ಬಂದ ದಾರಿಯಲ್ಲಿ ಅಂಚು ನೀಲಿ ಬಣ್ಣಕ್ಕೆ ತಿರುಗಿದ್ದರೆ ಜೋರಾಗಿ ಓಡಿಸಿದ್ದೀರಿ ಎಂದರ್ಥ.

ಕೊನೆಗೆ ಅಂಚನ್ನು ಅರದಿಂದ ನಯ ಮಾಡಿ. ಬೆರಳಿಗೆ ಬಟ್ಟೆ ಸುತ್ತಿ ಸುತ್ತಲೂ ಆಡಿಸಿ. ದಾರ ಸಿಕ್ಕಿಕೊಂಡರೆ ಇನ್ನೂ ಮುಳ್ಳಿದೆ. ಆ ಮುಳ್ಳೇ ಸಿಲಿಕೋನ್ ವಾಷರನ್ನು ಕುಯ್ಯುವುದು. ಕಬ್ಬಿಣದ ಬ್ರಷ್ ಮಾತ್ರ ತಾಗಿಸಬೇಡಿ, ಅದರ ಪುಡಿ ಅಂಟಿ ತುಕ್ಕು ಶುರುವಾಗುತ್ತದೆ.

ಆಲೂರು ಶುಂಠಿ ತೋಟ
ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಧನ್ಯವಾದ. ವೆಲ್ಡಿಂಗ್ ಮಾಡಿಸಿಬಿಟ್ಟರೆ ವಾಷರ್ ಗೊಡವೆಯೇ ಇರುವುದಿಲ್ಲ ಅಲ್ವಾ?

ಆರ್ಗಾನ್ ವೆಲ್ಡರ್, ಹಾಸನ
ಚೆನ್ನಾಗಿ ಮಾಡಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಗೇಟು, ಗ್ರಿಲ್ ಮಾಡುವಲ್ಲಿ ಮಾಡಿಸಬೇಡಿ. ಹೊರಗೆ ಬೆಸುಗೆ ಚಂದ ಕಾಣುತ್ತದೆ. ಒಳಗಡೆಗೆ ಗ್ಯಾಸ್ ಬಿಡದಿದ್ದರೆ ಹಿಂಬದಿ ಸುಟ್ಟು, ಕರಟಿದ ಸಕ್ಕರೆಯ ಹಾಗೆ ಕಪ್ಪಗೆ ಒರಟಾಗುತ್ತದೆ. ಆ ಸಂದಿಗೆ ಹೊಕ್ಕ ಕೊಳೆ ಹೊರಗೆ ಬರುವುದೇ ಇಲ್ಲ, ತುಕ್ಕೂ ಅಲ್ಲಿಂದಲೇ ಏಳುತ್ತದೆ. ಹಾಲಿನ ಟ್ಯಾಂಕ್ ಮಾಡುವವರ ಹತ್ತಿರ ಹೋಗಿ. ಒಳಗೂ ಆರ್ಗಾನ್ ಬಿಟ್ಟು ಮಾಡಿ ಎಂದು ನೀವೇ ಕೇಳಿ. ಅಕ್ಕಿ ಡಬ್ಬಿಯಂಥ ತೆಳು ತಗಡಿಗೆ ಬೇಡವೇ ಬೇಡ, ಸೊಟ್ಟಗಾಗುತ್ತದೆ.

ಬಾಳೂರು ಕಾಫಿ ತೋಟ
ನಾವು ಕಾಫಿಗೆ ಇದನ್ನೇ ಮಾಡಿದ್ದೆವು. ನಮ್ಮ ಅನುಭವವನ್ನೂ ಹೇಳುತ್ತೇನೆ.

ಮೂರು ವರ್ಷದ ಹಿಂದೆ ಅರೇಬಿಕಾ ಹಣ್ಣನ್ನು ಗಾಳಿಯಾಡದ ಡ್ರಮ್ಮಿನಲ್ಲಿ ಹುಳಿ ಬರಿಸಿ ನೋಡೋಣ ಎಂದು ಹೊರಟೆವು. 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್, ತಳದ ಹತ್ತಿರ ನಲ್ಲಿ. ನಲ್ಲಿಯ ಸುತ್ತ ಪೈಪಿನ ಗಮ್ ಬಳಿದೆವು, ಮೇಲೆ ಎಪಾಕ್ಸಿ ಪುಟ್ಟಿ ಮೆತ್ತಿದೆವು. ಮೂರನೇ ದಿನ ಪುಟ್ಟಿ ರೊಟ್ಟಿಯ ಹಾಗೆ ಇಡಿಯಾಗಿ ಕೈಗೆ ಬಂತು. ಆ ಪ್ಲಾಸ್ಟಿಕ್ಕಿಗೆ ಯಾವ ಗಮ್ಮೂ ಹಿಡಿಯುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಅದಕ್ಕೂ ತಲೆ ಒಳಗಿರುವ ಟ್ಯಾಂಕ್ ನಿಪ್ಪಲ್ಲೇ ದಾರಿ. ಜೊತೆಗೆ ಪ್ಲಾಸ್ಟಿಕ್ ದಿನ ಕಳೆದಂತೆ ಒತ್ತಡಕ್ಕೆ ಬಿಟ್ಟುಕೊಡುತ್ತದೆ. ಒಂದು ವಾರ ಬಿಟ್ಟು ಮತ್ತೊಮ್ಮೆ ಬಿಗಿ ಮಾಡಬೇಕು.

ಎರಡನೇ ಪಾಠ ಇನ್ನೂ ದೊಡ್ಡದು. ಮುಚ್ಚಳ ಕ್ಲಾಂಪ್ ಹಾಕಿ ಭದ್ರ ಮಾಡಿದ್ದೆವು, ಗಾಳಿ ಹೋಗಲು ದಾರಿ ಬಿಟ್ಟಿರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಡ್ರಮ್ಮಿನ ಹೊಟ್ಟೆ ಉಬ್ಬಿ, ಮುಚ್ಚಳ ಗೋಪುರದ ಹಾಗೆ ಎದ್ದಿತ್ತು. ಹತ್ತಿರ ಹೋಗಲು ಹೆದರಿಕೆ. ದೂರದಿಂದ ಕೋಲಿನಲ್ಲಿ ನಲ್ಲಿಯ ಹಿಡಿ ತಳ್ಳಿ ಇಳಿಸಿದೆವು. ಈಗ ಮುಚ್ಚಳಕ್ಕೆ ಸಣ್ಣ ಪೈಪು ಸಿಕ್ಕಿಸಿ ಅದರ ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿದ್ದೇವೆ. ಗಾಳಿ ಗುಳುಗುಳು ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ. ಮುಚ್ಚಿದ ಪಾತ್ರೆಗೆ ತಳದಲ್ಲಿ ನಲ್ಲಿ ಹಾಕುವ ಮೊದಲು ಮೇಲೆ ದಾರಿ ಮಾಡಿ.

ತೋಟದ ಹುಡುಗ, ಆಲ್ದೂರು
ಅಣ್ಣಾ, ಹಣ್ಣೆಷ್ಟು ಹೊತ್ತು ಇಡುತ್ತೀರಿ? ನಾವು ಪಲ್ಪ್ ಮಾಡಿದ (ಸಿಪ್ಪೆ ತೆಗೆದ) ಅರೇಬಿಕಾ 12 ಗಂಟೆಗೇ ತೊಳೆಯುತ್ತೇವೆ.

ಬಾಳೂರು ಕಾಫಿ ತೋಟ
12 ಗಂಟೆಗೆ ಲೋಳೆ ಪೂರ್ತಿ ಬಿಡುತ್ತದಾ? ತೊಟ್ಟಿಯಲ್ಲಿ ಅರೇಬಿಕಾಗೆ 24ರಿಂದ 36 ಗಂಟೆ ಎಂದು ಲೆಕ್ಕ, ರೋಬಸ್ಟಾಗೆ ಅದಕ್ಕಿಂತ ಜಾಸ್ತಿ. ಗಂಟೆಗಿಂತ ಕೈ ಮುಖ್ಯ. ಮುಷ್ಟಿಯಲ್ಲಿ ಹಿಡಿದು ತಿಕ್ಕಿದರೆ ಬೀಜ ಜಾರಬಾರದು, ಕಲ್ಲಿನ ಹಾಗೆ ಕರಕರ ಎನ್ನಬೇಕು. ಸಂದೇಹ ಇದ್ದರೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರನ್ನು ಕೇಳಿ. 1925ರಿಂದ ಇದೇ ಕೆಲಸ ಅವರದ್ದು.

ಬೇಲೂರು ಗೃಹಿಣಿ
ಹಳೆ ನೀಲಿ ಡ್ರಮ್ ತರುವವರು ಮೊದಲು ಅದರಲ್ಲಿ ಏನಿತ್ತು ಎಂದು ಕೇಳಿ ತನ್ನಿ. ಔಷಧಿ, ಕೆಮಿಕಲ್ ಬಂದ ಡ್ರಮ್ಮನ್ನು ನೂರು ಸಲ ತೊಳೆದರೂ ತಿನ್ನುವ, ಕುಡಿಯುವ ವಸ್ತುವಿಗೆ ಬಳಸಬಾರದು.

ಬ್ರೂ ಕಲಿಯುವವ
ಇಂಥದ್ದೇ ಪಾತ್ರೆಯಲ್ಲಿ ಬಿಯರ್ ಮಾಡಬೇಕೆಂದಿದ್ದೇನೆ. ಯಾರಾದರೂ ಮಾಡಿದ್ದೀರಾ?

ಹೊಳೆನರಸೀಪುರ ವಕೀಲ
ಬೇಡ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಮನೆ ಬಳಕೆಗೆ ಅಂದರೂ ಲೈಸೆನ್ಸ್ ಬೇಕೇ ಬೇಕು.

ಬ್ರೂ ಕಲಿಯುವವ
ಗೊತ್ತಿರಲಿಲ್ಲ ಸರ್. ಹಾಗಾದರೆ ನಾನೂ ಕೊಂಬುಚಾದಿಂದಲೇ ಶುರು ಮಾಡುತ್ತೇನೆ.

ಸಕಲೇಶಪುರ ಅಕ್ಕ
ನಲ್ಲಿ ಹಾಕುವ ಮಾತು ಎಲ್ಲರೂ ಹೇಳಿದಿರಿ, ನಲ್ಲಿ ತೊಳೆಯುವ ಮಾತು ಯಾರೂ ಎತ್ತಲಿಲ್ಲ. ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ.

ನಮ್ಮದು 304 ಪಾತ್ರೆ, 304 ಬಾಲ್ ವಾಲ್ವ್. ಒಂದು ಹನಿ ಸೋರುತ್ತಿರಲಿಲ್ಲ. ಆದರೂ ಮಳೆಗಾಲದಲ್ಲಿ ಸತತ ಮೂರು ಸಲ ಕೊಂಬುಚಾ ಕೆಟ್ಟಿತು. ಕೊಳೆತ ಎಲೆಯಂಥ ವಾಸನೆ. ಪಾತ್ರೆ ತಿಕ್ಕಿದೆ, ಬಿಸಿನೀರು ಸುರಿದೆ, ಬಿಸಿಲಿಗಿಟ್ಟೆ. ಟೀ ಪುಡಿ ಬದಲಾಯಿಸಿದೆ. ಏನು ಮಾಡಿದರೂ ಅಷ್ಟೇ. ಕೊನೆಗೆ ನಮ್ಮ ಯಜಮಾನರು ವಾಲ್ವನ್ನೇ ಬಿಚ್ಚಿ ನೆಲದ ಮೇಲೆ ಪೇಪರ್ ಹಾಸಿ ಇಟ್ಟರು. ಒಳಗೆ ಗೋಲಿಯಂಥ ಸ್ಟೀಲ್ ಗುಂಡು, ಅದರ ಎರಡೂ ಕಡೆ ಬಿಳಿ ಬಳೆಯಂಥ ಸೀಟು. ಗುಂಡಿನ ಹಿಂದೆ, ಹೊರಗಿಂದ ಕಾಣದ ಸಂದಿಯಲ್ಲಿ, ಕಂದು ಬಣ್ಣದ ಲೋಳೆ. ಬೆಂಡೆಕಾಯಿ ಲೋಳೆಯ ಹಾಗೆ ನೂಲು ನೂಲಾಗಿ ಎಳೆಯುತ್ತಿತ್ತು. ಆ ವಾಸನೆ ಮೂರು ತಿಂಗಳಿಂದ ನಾನು ಹುಡುಕುತ್ತಿದ್ದ ವಾಸನೆಯೇ.

ವಾಲ್ವ್ ಮುಚ್ಚಿದಾಗ ಗುಂಡಿನ ತೂತಿನಲ್ಲಿ ಸ್ವಲ್ಪ ಒಳಗೇ ಸಿಕ್ಕಿಕೊಳ್ಳುತ್ತದೆ. ಪೂರ್ತಿ ತೆರೆದು ಬಿಸಿನೀರು ಬಿಟ್ಟರೆ ನೀರು ಗುಂಡಿನ ಮಧ್ಯದಿಂದ ನೇರ ಹೋಗುತ್ತದೆ, ಹಿಂದಿನ ಸಂದಿಗೆ ಮುಟ್ಟುವುದೇ ಇಲ್ಲ. ಅರ್ಧ ತೆರೆದಿಟ್ಟು ಕುದಿಯುವ ನೀರು ಬಿಡಬೇಕು, ಆಗ ಒಳಗೆಲ್ಲ ತಿರುಗಾಡುತ್ತದೆ. ಅಷ್ಟು ಸಾಲದು, ತಿಂಗಳಿಗೊಮ್ಮೆ ಬಿಚ್ಚಲೇಬೇಕು. ಮೂರು ತುಂಡಾಗಿ ಬಿಚ್ಚುವ ಬಾಲ್ ವಾಲ್ವ್ ಸಿಗುತ್ತದೆ, ನಾಲ್ಕು ಬೋಲ್ಟ್ ಅಷ್ಟೇ. ಸ್ವಲ್ಪ ದುಬಾರಿಯಾದರೂ ಅದನ್ನೇ ತನ್ನಿ. ಬಿಚ್ಚಲು ಬಾರದ ನಲ್ಲಿ ಎಷ್ಟೇ ಚೆನ್ನಾಗಿದ್ದರೂ ಇಂಥ ಪಾತ್ರೆಗೆ ನಾನಂತೂ ಹಾಕುವುದಿಲ್ಲ.

ಹಾಸನ ಪ್ಲಂಬರ್
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಾವು ನೀರಿನ ಲೈನಿಗೆ ಹಾಕಿ ಬಿಟ್ಟುಬಿಡುತ್ತೇವೆ, ಬಿಚ್ಚುವ ಯೋಚನೆ ನನಗೂ ಬಂದಿರಲಿಲ್ಲ.

ಆಲೂರು ಶುಂಠಿ ತೋಟ
ಅಕ್ಕಾ, ತಳಕ್ಕೆ ಬೇರೆ ತೂತು ಮಾಡಿಸಿದ್ದೀರಾ?

ಸಕಲೇಶಪುರ ಅಕ್ಕ
ಇಲ್ಲ. ಒಂದೇ ನಲ್ಲಿ. ತೂತಿನ ಕೆಳ ಅಂಚು ತಳದಿಂದ 3 ಸೆಂಟಿಮೀಟರ್ ಮೇಲೆ. ಮಡ್ಡಿ ಅದರ ಕೆಳಗೆ ಕೂರುತ್ತದೆ.

ಬಾಳೂರು ಕಾಫಿ ತೋಟ
ನಾನು ಒಪ್ಪುವುದಿಲ್ಲ. ತಳದ ನಡುವೆ ತೂತಿದ್ದರೆ ಮಡ್ಡಿ ಮೊದಲೇ ಬಿಟ್ಟುಬಿಡಬಹುದು, ಪಾತ್ರೆ ಎತ್ತಿ ಬಗ್ಗಿಸುವ ಕಷ್ಟ ಇಲ್ಲ.

ಆರ್ಗಾನ್ ವೆಲ್ಡರ್, ಹಾಸನ
ತಳ ಆಲಿಕೆಯಂತೆ ಇಳಿಜಾರಾಗಿದ್ದರೆ ನಿಮ್ಮ ಮಾತು ಸರಿ. ಚಪ್ಪಟೆ ತಳದಲ್ಲಿ ನಡುವೆ ತೂತು ಮಾಡಿದರೆ ತೂತಿನ ಮೇಲಿನ ಮಡ್ಡಿ ಮಾತ್ರ ಹೋಗಿ ಸುತ್ತಲಿನದು ಅಲ್ಲೇ ಕೂರುತ್ತದೆ. ಪಾತ್ರೆ ನಿಲ್ಲಿಸಲು ಸ್ಟ್ಯಾಂಡ್ ಬೇರೆ ಬೇಕು. 40 ಲೀಟರ್ ಎಂದರೆ 40 ಕೆಜಿ, ಅದನ್ನೂ ನೆನಪಿಡಿ. ಮನೆಗೆ ಪಕ್ಕದ ನಲ್ಲಿಯೇ ಸಾಕು. ತಳ ತಿರುಗುವ ಬಾಗಿಗೆ ತೀರಾ ಹತ್ತಿರ ಕೊರೆಯಬೇಡಿ, ನಿಪ್ಪಲ್ ತಲೆ ಕೂರಲು ಸಮ ಜಾಗ ಬೇಕು. ಹಿಂದಿನಿಂದ ಒಂದು ಮರದ ಪಟ್ಟಿ ಕೊಟ್ಟು ಪಾತ್ರೆಯನ್ನು ನಲ್ಲಿ ಕಡೆಗೆ ಒಂದು ಬೆರಳು ಬಗ್ಗಿಸಿ ಇಡಿ.

ಬಾಳೂರು ಕಾಫಿ ತೋಟ
ಕಾಫಿಗೆ ನನ್ನದೇ ಸರಿ, ಕೊಂಬುಚಾಗೆ ನಿಮ್ಮದು ಇರಬಹುದು.

ಮೂಡಿಗೆರೆ ಮಲೆನಾಡಿಗ
ಆಲೂರಿನವರೇ, ಈ ವರ್ಷ ಶುಂಠಿಗೆ ಕೊಳೆ ರೋಗ ಹೇಗಿದೆ ನಿಮ್ಮ ಕಡೆ?

ಆಲೂರು ಶುಂಠಿ ತೋಟ
ನೀರು ನಿಂತ ಪಾತಿಯಲ್ಲೆಲ್ಲ ಇದೆ. ಬಸಿಗಾಲುವೆ ಆಳ ಮಾಡಿದ ಕಡೆ ಉಳಿದಿದೆ.

ಆಲೂರು ಶುಂಠಿ ತೋಟ
ಮೂರು ವಾರ ಆಯಿತು, ಸುದ್ದಿ ಹೇಳಲು ಬಂದೆ. ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದೆವು. ಚಿಂತೆ ಮಾಡುವಂಥದ್ದು ಇಲ್ಲ ಎಂದರು ಡಾಕ್ಟರ್. ಮೇಡಂಗೆ ನಮ್ಮ ಮನೆಯವರೆಲ್ಲರ ಪರವಾಗಿ ನಮಸ್ಕಾರ.

ಅಕ್ಕಿ ಡಬ್ಬಿ ಮತ್ತೆ ಅಕ್ಕಿ ಕೋಣೆ ಸೇರಿತು. ತೂತಿನ ಮೇಲೆ ಸ್ಟೀಲ್ ತಗಡು ಮುಚ್ಚಿಸಿದ್ದೇನೆ. ಹೊಸ ಪಾತ್ರೆ 304, ಗ್ರೇಡ್ ಬರೆದ ಬಿಲ್ ಇದೆ. ತೂತು ನಾನೇ ಕೊರೆದೆ, ತಮ್ಮ ಒಳಗಿಂದ ಮರ ಹಿಡಿದಿದ್ದ. ಕೊಬ್ಬರಿ ಎಣ್ಣೆ ಬಿಟ್ಟು ನಿಧಾನಕ್ಕೆ ಒತ್ತಿದಾಗ ಸ್ಟೀಲು ಉದ್ದ ಸುರುಳಿಯಾಗಿ ಎದ್ದು ಬಂತು, ಅಂಚು ಬಿಳಿಯಾಗೇ ಉಳಿಯಿತು. ತಲೆ ಒಳಗೆ, ಚೆಕ್ ನಟ್ ಹೊರಗೆ, ಕಾಲು ಸುತ್ತು. ಬರೀ ನೀರು ತುಂಬಿ ಕೆಳಗೆ ಪೇಪರ್ ಹಾಸಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಪೇಪರ್ ಒಣಗೇ ಇತ್ತು.

ಒಂದೇ ತೊಂದರೆ ಉಳಿದಿದೆ. ಕೊಂಬುಚಾ ಮೇಲೆ ತೇಲುವ ಆ ಪದರದ ನೂಲು ಬಂದು ನಲ್ಲಿಗೆ ಸಿಕ್ಕಿಕೊಳ್ಳುತ್ತದೆ. ನಿನ್ನೆ ಹರಿವು ಸಣ್ಣ ದಾರದಷ್ಟಾಯಿತು.

ಸಕಲೇಶಪುರ ಅಕ್ಕ
ನಿಪ್ಪಲ್ ತಲೆಗೆ ಒಳಗಿಂದ ಸ್ಟೀಲ್ ಟೀ ಸೋಸುವ ಜಾಲರಿ ಕಟ್ಟಿ, ತಂತಿಯೂ ಸ್ಟೀಲಿನದೇ ಇರಲಿ. ಪ್ರತಿ ಸಲ ಬಿಚ್ಚಿ ತೊಳೆಯಿರಿ. ಸದ್ಯಕ್ಕೆ ನಲ್ಲಿ ತೆರೆದು ಬಾಯಿಯಿಂದ ಊದಬೇಡಿ, ತೊಳೆದ ಬಿದಿರು ಕಡ್ಡಿ ತೂರಿಸಿ ನೂಲು ಹಿಂದಕ್ಕೆ ತಳ್ಳಿ.

ಆಲೂರು ಶುಂಠಿ ತೋಟ
ಈಗಲೇ ತಳ್ಳಿದೆ ಅಕ್ಕಾ. ಬಂತು, ಧಾರಾಳವಾಗಿ ಬರುತ್ತಿದೆ.